ಡಬ್ಬಿ ಮುಚ್ಚಿದ ದಿನ

ನನ್ನ ಹತ್ತಿರ ಇರುವ ಒಂದು ರಾಣಿ ಛಾಪಿನ ಬೆಳ್ಳಿ ರೂಪಾಯಿ ಯಾವ ದಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಯಿತು ಎಂಬುದನ್ನು ಕಂಡುಹಿಡಿಯಲು ನಾನು ಒಂದು ಇಡೀ ಬೇಸಿಗೆ ಮತ್ತು ಅರ್ಧ ಮಳೆಗಾಲ ಕಳೆದಿದ್ದೇನೆ. ಆ ರೂಪಾಯಿ ಟಂಕಸಾಲೆಯಲ್ಲಿ ಯಾವಾಗ ಹುಟ್ಟಿತು ಎಂದು ಕೇಳಿದರೆ ಅದರ ಬೆನ್ನಿನ ಮೇಲೇ ಇಸವಿ ಇದೆ, ಓದಿ ಹೇಳಬಹುದು. ನೂರು ವರ್ಷಕ್ಕೂ ಹಿಂದಿನ ಸಂಗತಿ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಆದರೆ ನನ್ನ ಕೈಯಿಂದಲೇ ಹೋಗಿ ನನ್ನ ಕೈಗೇ ವಾಪಸು ಬಂದ, ಏಳೆಂಟು ವರ್ಷದ ಹಿಂದಿನ ಡಬ್ಬಿಯ ತಾರೀಖು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ನಾನು ಸರಕಾರಿ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದವಳು. ನೌಕರಿಯ ಹೆಚ್ಚಿನ ವರ್ಷಗಳು ಮುಗದ ಎಂಬ ಊರಿನಲ್ಲೇ ಕಳೆದವು. ಈಗ ನಿವೃತ್ತಳಾಗಿ ಹುಬ್ಬಳ್ಳಿಯ ಗೋಪನಕೊಪ್ಪದ ಮನೆಯಲ್ಲಿದ್ದೇನೆ. ನಮ್ಮ ಯಜಮಾನರು ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರಿ. ನಾಣ್ಯ ಸಂಗ್ರಹದ ಹುಚ್ಚು ನನಗೆ ಶಾಲೆಯಲ್ಲೇ ಅಂಟಿತು. ಇತಿಹಾಸದ ಪಾಠಕ್ಕೆಂದು ಮನೆಯಲ್ಲಿದ್ದ ಹಳೆಯ ದುಡ್ಡು ತರಲು ಮಕ್ಕಳಿಗೆ ಹೇಳಿದ್ದೆ. ಅವರು ತಂದು ತೋರಿಸಿ ಮರಳಿ ಒಯ್ದರು. ನನ್ನ ಮನಸ್ಸು ಮಾತ್ರ ಆ ದುಡ್ಡಿನ ಹಿಂದೆಯೇ ಹೋಯಿತು. ಆಮೇಲೆ ನಾನೇ ಕೂಡಿಸತೊಡಗಿದೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಈ ರಾಣಿ ರೂಪಾಯಿ. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಹೊರಟಾಗ ನನ್ನವ್ವ ಉಡಿ ತುಂಬಿ, ಕೊಬ್ಬರಿ ಬಟ್ಟಲಿನ ಕೆಳಗೆ ಅದನ್ನು ಇಟ್ಟಿದ್ದಳು.

ಹುಬ್ಬಳ್ಳಿಯಲ್ಲಿ ನಮ್ಮಂಥ ಹುಚ್ಚರದೊಂದು ಕೂಟ ಇದೆ. ತಿಂಗಳ ಎರಡನೇ ಭಾನುವಾರ ಕಾರ್ಯದರ್ಶಿಗಳ ಹತ್ತಿಕಾಳಿನ ಅಂಗಡಿಯ ಮಹಡಿಯ ಮೇಲೆ ಸೇರುತ್ತೇವೆ. ಕೂಟದಲ್ಲಿ ನಾನು ಒಬ್ಬಳೇ ಹೆಣ್ಣುಮಗಳು. ಶಾಲೆಯ ಮಕ್ಕಳು ಶಿಕ್ಷಕಿಯನ್ನು ಕರೆಯುವ ಹಾಗೆ ಎಲ್ಲರೂ ನನ್ನನ್ನು ಬಾಯಾರು ಎನ್ನುತ್ತಾರೆ. ಅಲ್ಲಿ ನನಗೆ ಸರಿಸಮ ಮಾತಾಡುವವರು ಒಬ್ಬರೇ, ಹಳೇ ಹುಬ್ಬಳ್ಳಿಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಮಿಸ್ತ್ರಿ. ತೆಳ್ಳಗಿನ ಮನುಷ್ಯ, ಬಿಳಿ ಟೋಪಿ, ಅಂಗಿಯ ಕಿಸೆಯಲ್ಲಿ ಸದಾ ಒಂದು ಭೂತಗನ್ನಡಿ. ತಾಮ್ರದ ದುಡ್ಡನ್ನು ದೂರದಿಂದ ನೋಡಿಯೇ ಯಾವ ಕಾಲದ್ದು ಎಂದು ಹೇಳುತ್ತಾರೆ. ಹತ್ತರಲ್ಲಿ ಎಂಟು ಸಲ ಸರಿ ಇರುತ್ತದೆ, ಉಳಿದ ಎರಡು ಸಲ ನಾನು ಸುಮ್ಮನೆ ಬಿಡುವುದಿಲ್ಲ.

ಈಗ ಡಬ್ಬಿಯ ವಿಷಯ. ಮುಂಬೈಯಂಥ ಊರಲ್ಲಿ ಇದಕ್ಕೆಂದೇ ಕಚೇರಿಗಳಿವೆ. ನಾಣ್ಯ ಕೊಟ್ಟರೆ ಅಸಲಿಯೋ ನಕಲಿಯೋ ನೋಡುತ್ತಾರೆ, ಎಷ್ಟು ಸವೆದಿದೆ ಎಂದು ಲೆಕ್ಕ ಹಾಕಿ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಆಮೇಲೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಡಬ್ಬಿಯೊಳಗಿಟ್ಟು, ಒಡೆದ ಹೊರತು ತೆರೆಯದ ಹಾಗೆ ಮುಚ್ಚಿಬಿಡುತ್ತಾರೆ. ಡಬ್ಬಿಯ ತಲೆಯ ಮೇಲೆ ಒಂದು ಚೀಟಿ, ಚೀಟಿಯಲ್ಲಿ ಅಂಕ ಮತ್ತು ಒಂದು ನಂಬರು. ಇಂಥ ಡಬ್ಬಿಗೆ ಕೂಟದಲ್ಲಿ ಸ್ಲ್ಯಾಬ್ ಎನ್ನುತ್ತಾರೆ. ಒಮ್ಮೆ ನಾನು ಫೋನಿನಲ್ಲಿ ಯಾರಿಗೋ ನನ್ನ ಸ್ಲ್ಯಾಬ್ ಆಗಿ ಬಾಳ ವರ್ಷ ಆತು ಎಂದು ಹೇಳುತ್ತಿದ್ದುದನ್ನು ಕೇಳಿಸಿಕೊಂಡ ಪಕ್ಕದ ಮನೆಯಾಕೆ, ಸಂಜೆ ಬಂದು, ಯಾವ ಪ್ಲಾಟಿನಲ್ಲಿ ಕಟ್ಟಿಸಿದಿರಿ, ಎಷ್ಟು ಚೀಲ ಸಿಮೆಂಟು ಹಿಡಿಯಿತು ಎಂದು ವಿಚಾರಿಸಿದಳು. ನಾನು ಡಬ್ಬಿ ತಂದು ತೋರಿಸಿದೆ. ಇಷ್ಟು ಸಣ್ಣ ಸ್ಲ್ಯಾಬಿಗೆ ಇಷ್ಟು ಮಾತೇ ಎಂಬಂತೆ ನೋಡಿ ಹೋದಳು.

ಕೂಟದಲ್ಲಿ ಮೊಟ್ಟಮೊದಲು ಸ್ಲ್ಯಾಬ್ ಕಂಡದ್ದು ಒಬ್ಬ ಸದಸ್ಯರು ಯಾವುದೋ ಪ್ರದರ್ಶನದಲ್ಲಿ ಒಂದನ್ನು ಕೊಂಡು ತಂದಾಗ. ಅಂದು ನಾನು ಎದ್ದು ನಿಂತು ದೊಡ್ಡ ಭಾಷಣವನ್ನೇ ಮಾಡಿದೆ. ನಾಣ್ಯ ಎಂದರೆ ಬೆರಳಿಗೆ ತಣ್ಣಗೆ ತಾಗಬೇಕು, ಕಲ್ಲಿನ ಮೇಲೆ ಬಿಟ್ಟರೆ ಠಣ್ ಎನ್ನಬೇಕು, ಇದನ್ನು ನೋಡಿದರೆ ರೋಗಿಯನ್ನು ಗಾಜಿನ ಕೋಣೆಯಲ್ಲಿ ಮಲಗಿಸಿದ ಹಾಗಿದೆ, ನಾನಂತೂ ಸತ್ತರೂ ಮಾಡಿಸುವುದಿಲ್ಲ ಎಂದೆಲ್ಲ ಹೇಳಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಮಿಸ್ತ್ರಿ. ಅವರೂ ಎದ್ದು ನಿಂತು, ಬಾಯಾರ ಮಾತಿಗೆ ತಮ್ಮದೂ ಸಹಿ ಇದೆ ಎಂದರು.

ಇದಾಗಿ ಮೂರೋ ನಾಲ್ಕೋ ತಿಂಗಳಿಗೆ ಕಾರ್ಯದರ್ಶಿಗಳು ನನ್ನ ರಾಣಿ ರೂಪಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಈ ನಮೂನೆಯ ಖೊಟ್ಟಿ ನಾಣ್ಯಗಳು ಇತ್ತೀಚೆಗೆ ಬಹಳ ಬಂದಿವೆ ಎಂದರು. ನನ್ನದು ಖೊಟ್ಟಿ ಎಂದು ಹೇಳಲಿಲ್ಲ. ಅಷ್ಟು ಹೇಳಿ ತಿರುಗಿ ನನ್ನ ಕೈಗೆ ಕೊಟ್ಟರು. ಆದರೆ ಆ ಮಾತು ನನ್ನನ್ನು ಕೊರೆಯಿತು. ನನ್ನವ್ವ ಉಡಿಯಲ್ಲಿ ಖೊಟ್ಟಿ ರೂಪಾಯಿ ಇಟ್ಟಿದ್ದಳೇ ಎಂಬ ಯೋಚನೆಯನ್ನು ಹೊತ್ತು ಎಷ್ಟು ದಿನ ಇರುವುದು. ಯಜಮಾನರು ವ್ಯಾಪಾರಕ್ಕೆಂದು ವರ್ಷಕ್ಕೆ ಎರಡು ಸಲವಾದರೂ ಮುಂಬೈಗೆ ಹೋಗುತ್ತಿದ್ದರು. ಹಾಗೆ ಹೋಗುವಾಗೊಮ್ಮೆ ರೂಪಾಯಿಯನ್ನು ಹತ್ತಿಯಲ್ಲಿ ಸುತ್ತಿ ಅವರ ಕೈಯಲ್ಲಿ ಕೊಟ್ಟೆ. ಕಚೇರಿಯ ವಿಳಾಸ ಬರೆದುಕೊಟ್ಟೆ. ಯಾರ ಮುಂದೆಯೂ ಬಾಯಿ ಬಿಡಬಾರದು, ಮುಖ್ಯವಾಗಿ ಮಿಸ್ತ್ರಿಯ ಮುಂದೆ, ಎಂದು ಆಣೆ ಹಾಕಿಸಿದೆ. ಅವರು ಆಯ್ತು ಎಂದರು. ನಮ್ಮ ಯಜಮಾನರು ಮಾತು ಕಡಿಮೆ. ಆಯ್ತು ಎಂದರೆ ಆಯ್ತು.

ಮುಂದಿನ ಸಲ ಮುಂಬೈಗೆ ಹೋದಾಗ ಡಬ್ಬಿ ತಂದರು. ರೂಪಾಯಿ ಅಸಲಿಯಾಗಿತ್ತು. ಎಪ್ಪತ್ತಕ್ಕೆ ಐವತ್ಮೂರು. ನನ್ನ ವಿದ್ಯಾರ್ಥಿಗೆ ಆ ಅಂಕ ಬಂದಿದ್ದರೆ ಬೈಯುತ್ತಿದ್ದೆ, ಇದಕ್ಕೆ ಆರತಿ ಮಾಡಿದೆ. ಆದರೆ ಕೂಟದಲ್ಲಿ ತೋರಿಸುವುದು ಹೇಗೆ? ಭಾಷಣ ಮಾಡಿದವಳು ನಾನೇ. ಡಬ್ಬಿಯನ್ನು ಕಪಾಟಿನಲ್ಲಿ ಇಳಕಲ್ ಸೀರೆಗಳ ಕೆಳಗೆ ಇಟ್ಟೆ. ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಕಾಲ ಬದಲಾಯಿತು. ಸ್ಲ್ಯಾಬ್ ಮಾಡಿಸುವುದು ಕೂಟದಲ್ಲಿ ದೊಡ್ಡಸ್ತಿಕೆಯಾಯಿತು. ಪ್ರತಿ ಸಭೆಗೂ ಯಾರಾದರೊಬ್ಬರು ಡಬ್ಬಿ ತಂದು ಮೇಜಿನ ಮೇಲೆ ಇಡತೊಡಗಿದರು. ಆಗ ನನ್ನ ಭಾಷಣವನ್ನು ಎಲ್ಲರೂ ಮರೆತಿದ್ದಾರೆ ಎಂದು ಧೈರ್ಯ ಮಾಡಿ, ಒಂದು ಭಾನುವಾರ ನನ್ನ ರಾಣಿಯನ್ನೂ ಒಯ್ದೆ. ಇದನ್ನು ಬಹಳ ಹಿಂದೆಯೇ ಮಾಡಿಸಿದ್ದೆ ಎಂದು ಸಹಜವಾಗಿ ಹೇಳಿದೆ. ಮಿಸ್ತ್ರಿ ನನ್ನ ಡಬ್ಬಿಯನ್ನೇ ನೋಡುತ್ತ ಬಹಳ ಹೊತ್ತು ಕುಳಿತರು. ಮುಂದಿನ ತಿಂಗಳು ಅವರೂ ಕಿಸೆಯಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರೊಳಗೆ ಇದ್ದದ್ದು ನಡುವೆ ತೂತಿರುವ ತಾಮ್ರದ ಪೈಸೆ, ನಮ್ಮ ಹಿರಿಯರು ತೂತಿನ ದುಡ್ಡು ಎನ್ನುತ್ತಿದ್ದುದು. ರದ್ದಿ ಅಂಗಡಿಯಲ್ಲೂ ಸಿಗುವಂಥದು. ನಾನೂ ಬಹಳ ಹಿಂದೆಯೇ ಮಾಡಿಸಿದ್ದೆ, ಬಾಯಾರಿಗಿಂತ ಮೊದಲೇ ಇರಬೇಕು ಎಂದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಕೂಟಕ್ಕೆ ಹತ್ತು ವರ್ಷ ತುಂಬುವ ಸಮಾರಂಭ ಹತ್ತಿರ ಬಂದಿತ್ತು. ಯಾರಿಗಾದರೂ ಶಾಲು ಹೊದಿಸಲೇಬೇಕಲ್ಲ. ಅವಳಿ ನಗರದಲ್ಲಿ ಮೊದಲ ಬಾರಿಗೆ ತಮ್ಮ ನಾಣ್ಯವನ್ನು ಸ್ಲ್ಯಾಬ್ ಮಾಡಿಸಿದ ಸಂಗ್ರಾಹಕರಿಗೆ ಸನ್ಮಾನ ಎಂದು ಕಾರ್ಯದರ್ಶಿಗಳು ವಾಟ್ಸ್ಯಾಪಿನಲ್ಲಿ ಹಾಕಿದರು. ಕೊಂಡು ತಂದ ಸ್ಲ್ಯಾಬು ನಡೆಯುವುದಿಲ್ಲ, ಸ್ವಂತ ನಾಣ್ಯ ಕಳಿಸಿ ಮಾಡಿಸಿರಬೇಕು, ಯಾವಾಗ ಮಾಡಿಸಿದ್ದು ಎಂಬುದಕ್ಕೆ ಆಧಾರ ಬೇಕು. ಹೆಸರು ಕೊಟ್ಟವರು ಇಬ್ಬರೇ.

ನನಗೆ ಆ ಶಾಲಿನ ಆಸೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿವೃತ್ತಿಯ ದಿನ ಹೊದಿಸಿದ ಶಾಲನ್ನು ನಾನು ಆಗಲೇ ತಂಗಿಗೆ ಕೊಟ್ಟಿದ್ದೆ. ಆದರೆ ಶಾಲಿಗಿಂತ ಹೆಚ್ಚಾಗಿ, ತೂತಿನ ದುಡ್ಡಿನ ಮುಂದೆ ನನ್ನ ಬೆಳ್ಳಿಯ ರಾಣಿ ಸೋಲಬಾರದು ಎಂಬುದು ತಲೆಯಲ್ಲಿ ಕುಳಿತಿತ್ತು.

ಮೊದಲು ಯಜಮಾನರನ್ನೇ ಕೇಳಿದೆ. ಯಾವ ವರ್ಷ, ಯಾವ ತಿಂಗಳು ಕೊಟ್ಟಿರಿ?

ಅವರು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಳ್ಳುತ್ತ, "ಯಾವುದೋ ಒಂದ್ ಸಲ ಹೋದಾಗ ಕೊಟ್ಟೇನಿ," ಎಂದರು.

ಅದು ನನಗೂ ಗೊತ್ತಿತ್ತು. ಕಚೇರಿಯವರು ಕೊಟ್ಟ ಪಾವತಿ ಚೀಟಿ ಎಲ್ಲಿದೆ ಎಂದರೆ ನೆನಪಿಲ್ಲ ಎಂದರು. ತಮ್ಮ ಕಾಳಿನ ಅಡತಿ ಅಂಗಡಿಯ ಇಪ್ಪತ್ತು ವರ್ಷದ ಕಾಗದ ಜೋಡಿಸಿಟ್ಟ ಮನುಷ್ಯನಿಗೆ ಈ ಒಂದು ಕಾಗದ ಎಲ್ಲಿದೆ ಎಂದು ಗೊತ್ತಿಲ್ಲ. ನಾನು ಮತ್ತೆ ಕೇಳಿದಾಗಲೆಲ್ಲ ಅವರು ಮತ್ತಷ್ಟು ಚಟ್ನಿ ಹಾಕಿಕೊಂಡರು, ಇಲ್ಲವೇ ಸ್ಕೂಟರಿನ ಗಾಲಿಗೆ ಗಾಳಿ ಇದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಎದ್ದು ಹೋದರು. ಆ ಬೇಸಿಗೆಯಲ್ಲಿ ನಮ್ಮ ಸ್ಕೂಟರಿಗೆ ಗಾಳಿ ಕಡಿಮೆಯಾದದ್ದೇ ಇಲ್ಲ.

ಮುಂದೆ ಮುಂಬೈಯ ಕಚೇರಿಗೆ ಮೇಲ್ ಬರೆದೆ. ಸಂಜೆಗೇ ಉತ್ತರ ಬಂತು. ಬಹಳ ಸಭ್ಯವಾಗಿತ್ತು. ಡಬ್ಬಿ ನಮ್ಮದೇ, ನಂಬರು ಸರಿಯಾಗಿದೆ, ನಾಣ್ಯ ಕೊಟ್ಟ ದಿನದ ವಿವರವನ್ನು ಕೊಟ್ಟವರಿಗೆ ಮಾತ್ರ ತಿಳಿಸುತ್ತೇವೆ ಎಂದಿದ್ದರು. ಕೊಟ್ಟವಳು ನಾನೇ ಎಂದು ಬರೆದೆ. ನಮ್ಮ ದಾಖಲೆಯಲ್ಲಿ ಗಂಡಸಿನ ಹೆಸರಿದೆ ಎಂದರು. ಅವರು ನನ್ನ ಗಂಡ ಎಂದು ಬರೆದೆ. ಹಾಗಿದ್ದರೆ ಅವರಿಂದಲೇ ಬರೆಸಿ ಎಂದರು. ಯಜಮಾನರು ಬರೆಯುತ್ತೇನೆ ಎಂದು ಒಪ್ಪಿದರು. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಹೆಸರುಕಾಳಿನ ಪೇಟೆ ಏರಿದೆ, ಫೋನಿಗೆ ಪುರುಸೊತ್ತಿಲ್ಲ ಎಂದರು. ಪೇಟೆ ಇಳಿಯಿತು. ಇಳಿದದ್ದಕ್ಕೂ ಪುರುಸೊತ್ತಿರಲಿಲ್ಲ.

ಇವರನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ಡಬ್ಬಿಯನ್ನೇ ಓದಲು ತೊಡಗಿದೆ. ಧಾರವಾಡದಲ್ಲಿ ನಾಣ್ಯಗಳ ಪ್ರದರ್ಶನ ನಡೆದಿತ್ತು. ಪಾಟಿಚೀಲದಲ್ಲಿ ಡಬ್ಬಿ, ಭೂತಗನ್ನಡಿ, ನೋಟುಬುಕ್ಕು ಇಟ್ಟುಕೊಂಡು ಬಸ್ಸು ಹತ್ತಿದೆ. ರಾಯಾಪುರ ದಾಟುವಷ್ಟರಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು ಪುಟ ಆಗಿದ್ದವು. ಅಲ್ಲಿ ಒಬ್ಬ ವಯಸ್ಸಾದ ನಾಣ್ಯ ವ್ಯಾಪಾರಿ ಸಿಕ್ಕರು. ಅವರ ಮೇಜಿನ ತುಂಬ ಡಬ್ಬಿಗಳಿದ್ದವು. ತಾಳ್ಮೆಯಿಂದ ಎಲ್ಲ ತಿಳಿಸಿ ಹೇಳಿದರು. ಕಚೇರಿಯವರು ಆಗಾಗ ಚೀಟಿಯ ನಮೂನೆ ಬದಲಿಸುತ್ತಾರೆ. ಮೊದಮೊದಲು ಹಿಂದಿನ ಬದಿ ಹೊಳೆಯುವ ಮುದ್ರೆ ಇರಲಿಲ್ಲ. ಆಮೇಲೆ ಬಂತು. ಫೋನಿನಿಂದ ಸ್ಕ್ಯಾನ್ ಮಾಡುವ ಚೌಕ ಇನ್ನೂ ಆಮೇಲೆ ಬಂತು. ನನ್ನ ಡಬ್ಬಿಯಲ್ಲಿ ಹೊಳೆಯುವ ಮುದ್ರೆ ಇತ್ತು, ಚೌಕ ಇರಲಿಲ್ಲ. ಅಂದರೆ ನಡುವಿನ ಎರಡು ಮೂರು ವರ್ಷಗಳಲ್ಲಿ ಎಂದೋ ಆದದ್ದು. ನಾನು ಬಿಡದೆ, ಯಾವ ತಿಂಗಳು ಎಂದು ಹೇಳಲು ಬರುತ್ತದೆಯೇ ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಅಕ್ಕಾರ, ಕೂಸಿನ ಜಾತಕ ಬರಸಾಕತ್ತೀರೇನ್ರಿ?"

ಆದರೂ ಹೊರಡುವ ಮುನ್ನ ಒಂದು ಉಪಯೋಗದ ಮಾತು ಹೇಳಿದರು. ಡಬ್ಬಿಯ ಮೇಲಿನ ನಂಬರು ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ. ಒಂದೇ ಕಚೇರಿಯ ಎರಡು ಡಬ್ಬಿಗಳಿದ್ದರೆ, ನಂಬರು ಸಣ್ಣದಿದ್ದದ್ದು ಮೊದಲು ಆದದ್ದು. ತಾರೀಖು ಸಿಗದಿದ್ದರೂ ಹಿಂದುಮುಂದು ತಿಳಿಯುತ್ತದೆ.

ನಾನು ಇದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ತಿರುಗಿದಾಗ, ಎರಡು ಮೇಜಿನಾಚೆ ಬಿಳಿ ಟೋಪಿ ಕಂಡಿತು. ಮಿಸ್ತ್ರಿ ಒಂದು ಡಬ್ಬಿಯ ಮೇಲೆ ಬಾಗಿ ಭೂತಗನ್ನಡಿ ಹಿಡಿದಿದ್ದರು. ನನ್ನನ್ನು ಕಂಡ ಕೂಡಲೇ ನೆಟ್ಟಗೆ ನಿಂತರು. ಬಸ್‌ಸ್ಟ್ಯಾಂಡಿಗೆ ಬೀಗರನ್ನು ಬಿಡಲು ಬಂದಿದ್ದೆ, ಹಾಗೇ ಒಳಗೆ ಬಂದೆ ಎಂದರು. ನಾನು ಗೆಳತಿಯ ಮನೆಗೆ ಬಂದಿದ್ದೆ ಎಂದೆ. ಇಬ್ಬರ ಕೈಯಲ್ಲೂ ನೋಟುಬುಕ್ಕು ಇತ್ತು. ಹುಬ್ಬಳ್ಳಿಗೆ ಮರಳುವಾಗ ಒಂದೇ ಬಸ್ಸಿನಲ್ಲಿ ಬಂದೆವು, ಅವರು ಮುಂದೆ, ನಾನು ಹಿಂದೆ.

ನಂಬರಿನ ಗುಟ್ಟು ಇಬ್ಬರಿಗೂ ಗೊತ್ತಾಗಿದೆ ಎಂಬುದು ಮುಂದಿನ ಭಾನುವಾರ ತಿಳಿಯಿತು. ನಾನು ನನ್ನ ಡಬ್ಬಿಯ ನಂಬರಿನ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿಕೊಂಡು ಹೋಗಿದ್ದೆ. ಅವರು ವೈರಿಗೆ ಸುತ್ತುವ ಕರಿ ಟೇಪು ಅಂಟಿಸಿಕೊಂಡು ಬಂದಿದ್ದರು. ನಂಬರು ಕಂಡರೆ ಕಳ್ಳರು ಅದೇ ನಂಬರಿನ ನಕಲಿ ಡಬ್ಬಿ ಮಾಡುತ್ತಾರೆ ಎಂಬುದು ಇಬ್ಬರೂ ಕೊಟ್ಟ ಕಾರಣ. ಅದರಲ್ಲಿ ಸುಳ್ಳೇನೂ ಇಲ್ಲ, ಹಾಗೆ ಮಾಡುವವರಿದ್ದಾರೆ. ಆದರೆ ತೂತಿನ ದುಡ್ಡಿಗೆ ನಕಲಿ ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ. ನಿಜವಾದ ಕಾರಣ ಭಯ. ನನ್ನ ನಂಬರು ದೊಡ್ಡದಿದ್ದರೆ ಎಂಬ ಭಯ.

ಹೀಗೇ ಮಳೆಗಾಲ ಬಂತು. ಸಮಾರಂಭಕ್ಕೆ ತಿಂಗಳೂ ಉಳಿಯಲಿಲ್ಲ. ಕಾರ್ಯದರ್ಶಿಗಳಿಗೆ ಸಾಕಾಗಿ ಹೋಗಿತ್ತು. ಇಬ್ಬರೂ ಅಂಗಡಿಗೆ ಬನ್ನಿ, ನಿಮ್ಮ ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದು ಮಡಚಿ ನನ್ನ ಕೈಗೆ ಕೊಡಿ, ನಾನು ಡಬ್ಬಿಯ ಜೊತೆ ತಾಳೆ ನೋಡುತ್ತೇನೆ, ಯಾರದು ಸಣ್ಣದೋ ಅವರದು ಶಾಲು, ಅಲ್ಲಿಗೆ ಮುಗಿಯಿತು ಎಂದರು.

ಯಜಮಾನರು ನನ್ನನ್ನು ಸ್ಕೂಟರಿನ ಮೇಲೆ ಕರೆದೊಯ್ದರು. ಹೊರಗೇ ನಿಲ್ಲುತ್ತೇನೆ ಎಂದರು. ಆದರೆ ಮಳೆ ಜೋರಾಗಿ ಹೊಡೆಯುತ್ತಿತ್ತು. ಒಳಗೆ ಬರದೆ ಗತಿಯಿರಲಿಲ್ಲ. ಬಂದು ಹತ್ತಿಕಾಳಿನ ಚೀಲದ ಮೇಲೆ ಕುಳಿತರು. ಕಾರ್ಯದರ್ಶಿಗಳು ಚಹಾ, ಮಿರ್ಚಿ ಭಜಿ ತರಿಸಿದರು. ಮಿಸ್ತ್ರಿ ಆಗಲೇ ಬಂದು ಕುಳಿತಿದ್ದರು. ನಾವಿಬ್ಬರೂ ಪರೀಕ್ಷೆಯ ಕೋಣೆಯಲ್ಲಿ ಕುಳಿತ ಹುಡುಗರಂತೆ ಕೈ ಅಡ್ಡ ಇಟ್ಟುಕೊಂಡು ನಂಬರು ಬರೆದೆವು.

ಕಾರ್ಯದರ್ಶಿಗಳು ಮೊದಲು ಮಿಸ್ತ್ರಿಯ ಚೀಟಿ ಬಿಡಿಸಿದರು, ಆಮೇಲೆ ನನ್ನದು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಪಟ್ಟಿ ಕಿತ್ತು, ಟೇಪು ಕಿತ್ತು, ಡಬ್ಬಿಗಳನ್ನು ಬೆಳಕಿಗೆ ಹಿಡಿದರು.

"ಎರಡೂ ಒಂದಽ ನಂಬರ್ ಅದಾವಲ್ರಿ," ಎಂದರು. "ಕಡೀ ಅಂಕಿ ಅಷ್ಟಽ ಬ್ಯಾರೆ. ಮಿಸ್ತ್ರ್ಯಾರದು ನಾಲ್ಕು, ಬಾಯಾರದು ಐದು."

ನನಗೆ ಮೊದಲು ಹೊಳೆದದ್ದು ನಾನು ಒಂದೇ ಒಂದು ಅಂಕಿಯಿಂದ ಸೋತೆ ಎಂಬುದು. ಒಂದರ ಹಿಂದೆ ಒಂದು ನಂಬರು ಬರಬೇಕಾದರೆ ಎರಡೂ ಒಂದೇ ದಿನ, ಒಂದೇ ಕೈಯಿಂದ ಹೋಗಿರಬೇಕು ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಿಸ್ತ್ರಿ ಚೀಲದ ಮೇಲೆ ಕುಳಿತ ನಮ್ಮ ಯಜಮಾನರ ಕಡೆ ನೋಡುತ್ತಿದ್ದರು. ಯಜಮಾನರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಲಕ್ಷ್ಯಗೊಟ್ಟು ನೋಡುತ್ತಿದ್ದರು. ಅದು ಹೋದ ವರ್ಷದ ಕ್ಯಾಲೆಂಡರು.

"ಸಾವಕಾರ್ರ, ಇನ್ನ ನೀವಽ ಹೇಳ್ರಿ," ಎಂದರು ಮಿಸ್ತ್ರಿ.

ಯಜಮಾನರು ಕೈಯಲ್ಲಿದ್ದ ಭಜಿಯನ್ನು ತಟ್ಟೆಯಲ್ಲಿಟ್ಟರು. ಅವರ ಅಂಗಡಿಯಲ್ಲಿ ಕಾಳಿನ ಚೀಲದ ಬಾಯಿ ಹೊಲಿಯುವ ಮಷಿನುಗಳಿವೆ. ಅವು ಕೆಟ್ಟಾಗಲೆಲ್ಲ ರಿಪೇರಿಗೆ ಬರುವವರು ಈ ಮಿಸ್ತ್ರಿಯೇ. ಅದು ನನಗೂ ಗೊತ್ತಿದ್ದ ವಿಷಯ. ಗೊತ್ತಿರದಿದ್ದುದು ಏನೆಂದರೆ, ಆ ವರ್ಷ ಮಷಿನಿಗೆ ಎಣ್ಣೆ ಬಿಟ್ಟು ಹೊರಡುವಾಗ ಮಿಸ್ತ್ರಿ ಅವರ ಕೈಗೆ ಒಂದು ಪುಡಿಕೆ ಕೊಟ್ಟು, ಮುಂಬೈಗೆ ಹೋದಾಗ ಇದನ್ನು ಇಂಥ ಕಚೇರಿಯಲ್ಲಿ ಕೊಟ್ಟು ಬನ್ನಿ, ಬಾಯಾರಿಗೆ ಮಾತ್ರ ಹೇಳಬೇಡಿ, ಅವರ ಭಾಷಣಕ್ಕೆ ನಾನೇ ಚಪ್ಪಾಳೆ ಹೊಡೆದಿದ್ದೇನೆ, ಮುಖ ತೋರಿಸಲು ಆಗುವುದಿಲ್ಲ ಎಂದಿದ್ದರಂತೆ. ಯಜಮಾನರು ಅವರಿಗೂ ಆಯ್ತು ಎಂದಿದ್ದರು.

"ನೀ ಹೇಳಬ್ಯಾಡ ಅಂದಿದ್ದಿ," ಎಂದರು ನನಗೆ. "ಅವರೂ ಹೇಳಬ್ಯಾಡ್ರಿ ಅಂದಿದ್ರು. ನಾ ಯಾರಿಗೂ ಹೇಳಲಿಲ್ಲ."

"ನಾ ನಾಕು ತಿಂಗಳಿಂದ ಒದ್ದಾಡಾಕತ್ತೇನಿ, ನೀವು ನೋಡಿಕೋತ ಕುಂತಿದ್ರಲ್ರಿ?"

"ಹೇಳಬ್ಯಾಡ ಅಂದವರು, ಇನ್ನ ಹೇಳ್ರಿ ಅಂತ ಯಾವಾಗ ಅಂದ್ರಿ?"

ನನ್ನ ರೂಪಾಯಿಯೂ ಅದೇ ಕೈಯಲ್ಲಿ ಹೋಗಿತ್ತು ಎಂಬುದು ಮಿಸ್ತ್ರಿಗೂ ಆಗಷ್ಟೇ ತಿಳಿದದ್ದು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, ಇಬ್ಬರದೂ ಒಯ್ದಿರಿ, ಹೆಂಡತಿಯದು ಮೊದಲು ಕೊಡಬೇಕಿತ್ತಲ್ಲ, ಅವರದನ್ನು ಯಾಕೆ ಮೊದಲು ಕೊಟ್ಟಿರಿ?

"ಅವರ ಪುಡಿಕಿ ಮ್ಯಾಲಿನ ಕಿಸೆದಾಗಿತ್ತು, ಲಗೂ ಕೈಗೆ ಸಿಕ್ಕಿತು," ಎಂದರು ಯಜಮಾನರು. "ನಿಂದು ನಿಮ್ಮವ್ವ ಕೊಟ್ಟದ್ದು. ಬನಿಯನ್ನಿಗೆ ಕಿಸೆ ಹೊಲಿಸಿ ಒಳಗ ಇಟ್ಟಿದ್ದೆ. ಅಂಗಿ ಗುಂಡಿ ಬಿಚ್ಚಿ ತಗಿಯೂತನಾ ಅವರದಕ್ಕ ನಂಬರ್ ಬಿದ್ದಿತ್ತು."

ಕಾರ್ಯದರ್ಶಿಗಳು ನನಗೆ ಇನ್ನೊಂದು ಭಜಿ ಹಾಕಿದರು. ಸೋತದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬನಿಯನ್ನಿಗೆ ಕಿಸೆ ಹೊಲಿಸಿದ್ದು ಯಾರ ಹತ್ತಿರ ಎಂದು ಕೇಳಿದೆ. ಮಿಸ್ತ್ರಿ ತಲೆ ತಗ್ಗಿಸಿ, ಹೊಲಿದುಕೊಟ್ಟದ್ದು ನಾನೇ, ಯಾತಕ್ಕೆ ಎಂದು ಸಾವಕಾರರು ಹೇಳಲಿಲ್ಲ, ರೊಕ್ಕಕ್ಕೆ ಇರಬೇಕು ಅಂದುಕೊಂಡೆ ಎಂದರು.

ತಾರೀಖೂ ಅಲ್ಲೇ ಹೊರಬಂತು. ಅದು ದಾದರಿನಲ್ಲಿ ನಮ್ಮ ಮೈದುನನ ಮಗಳ ಮದುವೆಯ ಮರುದಿನ ಎಂದರು ಯಜಮಾನರು. ಮರೆತಿದ್ದೇನೆ ಎಂದದ್ದೆಲ್ಲ ಸುಳ್ಳು, ವಾರ ಕೂಡ ನೆನಪಿತ್ತು. ಆ ಮದುವೆಗೆ ನಾನು ಹೋಗಿರಲಿಲ್ಲ, ಶಾಲೆಯಲ್ಲಿ ಪರೀಕ್ಷೆ ಇತ್ತು. ಆದರೆ ಅದರ ಅಲ್ಬಮ್ ನೋಡಿದ್ದೆ. ಎಲ್ಲ ಫೋಟೋಗಳಲ್ಲೂ ಯಜಮಾನರು ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅಕ್ಷತೆ ಹಾಕುವಾಗಲೂ ಒಂದೇ ಕೈ. ಮದುವೆಯ ಊಟ ಹೆಚ್ಚಾಗಿ ಎದೆಯುರಿ ಬಂದಿದೆ ಎಂದು ತಿಳಿದು ಆಗ ನಾನು ಅವರಿಗೆ ಬೈದಿದ್ದೆ, ಹದಿನೈದು ದಿನ ಮಜ್ಜಿಗೆ ಅನ್ನ ಹಾಕಿದ್ದೆ. ಅವರು ತಕರಾರಿಲ್ಲದೆ ಉಂಡಿದ್ದರು.

ಆದರೆ ಕಾರ್ಯದರ್ಶಿಗಳು ನಿಯಮದ ಮನುಷ್ಯ. ನಾಣ್ಯ ಕೊಟ್ಟ ದಿನ ಬೇರೆ, ಡಬ್ಬಿ ಮುಚ್ಚಿದ ದಿನ ಬೇರೆ, ಕಚೇರಿಯ ಕಾಗದ ಬಾರದೆ ನಾನು ಏನೂ ಬರೆದುಕೊಳ್ಳುವುದಿಲ್ಲ ಎಂದರು. ಅಲ್ಲೇ ಕುಳಿತು ಯಜಮಾನರಿಂದ ಮೇಲ್ ಬರೆಸಲಾಯಿತು. ನಾನು ಹೇಳಿದೆ, ಅವರು ಒಂದೊಂದೇ ಅಕ್ಷರ ಒತ್ತಿದರು, ಮಿಸ್ತ್ರಿ ಭೂತಗನ್ನಡಿ ಹಿಡಿದು ತಪ್ಪು ನೋಡಿದರು.

ನಾಲ್ಕು ದಿನಕ್ಕೆ ಉತ್ತರ ಬಂತು. ಮದುವೆಯಾಗಿ ಒಂಬತ್ತನೇ ದಿನ ಎರಡೂ ಡಬ್ಬಿಗಳನ್ನು ಮುಚ್ಚಿದ್ದರು. ಒಂದು ಇಡೀ ಬೇಸಿಗೆ ನಾನು ಹುಡುಕಿದ ತಾರೀಖು ಕೊನೆಗೂ ಸಿಕ್ಕಿತ್ತು. ಆದರೆ ಪತ್ರ ಬಂದದ್ದು ಯಜಮಾನರ ಹೆಸರಿಗೆ. ಮಾನ್ಯರೇ, ತಾವು ಕೊಟ್ಟ ತಮ್ಮ ಎರಡು ನಾಣ್ಯಗಳನ್ನು ಇಂಥ ದಿನ ಪರೀಕ್ಷಿಸಿ ಮುಚ್ಚಲಾಯಿತು ಎಂದಿತ್ತು. ಕಾರ್ಯದರ್ಶಿಗಳು ಪತ್ರವನ್ನು ಎರಡು ಸಲ ಓದಿ, ದಾಖಲೆಯ ಪ್ರಕಾರ ಅವಳಿ ನಗರದಲ್ಲಿ ಮೊದಲು ಸ್ಲ್ಯಾಬ್ ಮಾಡಿಸಿದವರು ಸಾವಕಾರರು, ಇದರಲ್ಲಿ ನನ್ನದೇನೂ ಇಲ್ಲ ಎಂದು ತೀರ್ಪು ಕೊಟ್ಟರು. ನಾನು ವಿರೋಧಿಸಬೇಕೆಂದು ಮಿಸ್ತ್ರಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರು. "ಹೋಗಲಿ ಬಿಡ್ರಿ ಬಾಯಾರ. ತೂತಿನ ಪೈಸೆಕ್ಕ ಶಾಲು ಹೊಚ್ಚಿಸಿಕೊಂಡ್ರ ಮಂದಿ ನನ್ನ ನೋಡಿ ನಗತಿದ್ರು."

ಸಮಾರಂಭದ ದಿನ ನಾವಿಬ್ಬರೂ ಎರಡನೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತೆವು. ವೇದಿಕೆಯ ಮೇಲೆ ಕುರ್ಚಿಯ ತುದಿಯಲ್ಲಿ ಯಜಮಾನರು. ಹಣೆಯ ಮೇಲೆ ವಿಭೂತಿ, ಇಸ್ತ್ರಿಯ ಅಂಗಿ, ಮುಖದಲ್ಲಿ ಕಾಳಿನ ಸ್ಯಾಂಪಲ್ಲು ತಂದವನ ಎದುರು ಇರುವಷ್ಟೇ ಭಾವ. ಭಾಷಣಗಳು ಉದ್ದವಾದವು. ಆ ಹೊತ್ತಿನಲ್ಲಿ ನಾನು ಮಿಸ್ತ್ರಿಯನ್ನು ಕೇಳಿದೆ, ಅಷ್ಟೆಲ್ಲ ಕಷ್ಟಪಟ್ಟು ತೂತಿನ ದುಡ್ಡಿಗೆ ಯಾಕೆ ಡಬ್ಬಿ ಮಾಡಿಸಿದಿರಿ?

ಅವರ ತಂದೆಯೂ ಮಷಿನ್ ಮಿಸ್ತ್ರಿಯೇ. ಆ ಕಾಲದಲ್ಲಿ ಸರಿಯಾದ ಅಳತೆಯ ವಾಷರ್ ಸಿಗುತ್ತಿರಲಿಲ್ಲ. ಈ ಪೈಸೆ ಹೊಲಿಗೆ ಮಷಿನ್ನಿನ ತಿರುಪು ಮೊಳೆಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಒಂದು ಡಬ್ಬದ ತುಂಬ ಕೂಡಿಸಿಟ್ಟು ಒಂದೊಂದಾಗಿ ಮಷಿನುಗಳಿಗೆ ಹಾಕುತ್ತ ಹೋದರಂತೆ. ಹಳೇ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಅವು ಈಗಲೂ ತಿರುಗುತ್ತಿವೆ. "ಅಬ್ಬಾ ತೀರಿಕೊಂಡ ಮ್ಯಾಲೆ ಡಬ್ಬಿ ನೋಡಿದೆ. ಒಂದಽ ಉಳದಿತ್ರಿ. ಕೆಲಸಕ್ಕ ಹೋಗದಽ ಉಳದದ್ದು," ಎಂದರು. ಅದಕ್ಕೆ ಎಪ್ಪತ್ತಕ್ಕೆ ಅರವತ್ನಾಲ್ಕು ಬಂದಿತ್ತು, ನನ್ನ ರಾಣಿಗಿಂತ ಹನ್ನೊಂದು ಹೆಚ್ಚು. ಅದನ್ನು ಅವರು ಆವರೆಗೆ ಒಮ್ಮೆಯೂ ಆಡಿ ತೋರಿಸಿರಲಿಲ್ಲ. ನಾನು ನನ್ನವ್ವನ ಉಡಿಯ ಕತೆ ಹೇಳಿದೆ. ಹತ್ತು ವರ್ಷ ಒಂದೇ ಕೂಟದಲ್ಲಿ ಕುಳಿತು, ಇಸವಿ, ತೂಕ, ಟಂಕಸಾಲೆಯ ಗುರುತು ಎಂದು ಜಗಳಾಡಿದ್ದೆವು. ಆ ನಾಣ್ಯಗಳು ಯಾರಿಂದ ಬಂದವು ಎಂದು ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಅಷ್ಟರಲ್ಲಿ ಶಾಲು ಹೊದಿಸಿದರು. ಕಾರ್ಯದರ್ಶಿಗಳು ದೂರದೃಷ್ಟಿಯ ಸಂಗ್ರಾಹಕರು ಎಂದು ಹೊಗಳಿ, ಎರಡು ಮಾತು ಆಡಲು ಮೈಕು ಕೊಟ್ಟರು. ಯಜಮಾನರು ಎದ್ದು ನಿಂತು, "ನನಗ ನಾಣ್ಯದ್ದು ಏನೂ ತಿಳಿಯೂದಿಲ್ರಿ. ಇಬ್ಬರು ಕೊಟ್ರು, ಒಯ್ದು ಕೊಟ್ಟೆ," ಎಂದು ಹೇಳಿ ಕುಳಿತರು. ಸಭೆ ಅದನ್ನು ವಿನಯ ಎಂದು ತಿಳಿದು ಬಹಳ ಹೊತ್ತು ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವರು ನಾವಿಬ್ಬರೇ.

ಆ ದಿನದಿಂದ ಯಜಮಾನರು ಕೂಟದ ಗೌರವ ಸದಸ್ಯರು. 'ನಾನ್ಯಾಕೆ' ಎನ್ನುತ್ತಲೇ ಎರಡನೇ ಭಾನುವಾರ ನನಗಿಂತ ಮೊದಲು ಅಂಗಿ ಹಾಕಿಕೊಂಡು ಕೂರುತ್ತಾರೆ. ಹೊಸ ಸದಸ್ಯರು ತಮ್ಮ ಡಬ್ಬಿಗಳನ್ನು ಅವರ ಮುಂದೆ ಇಟ್ಟು ಅಭಿಪ್ರಾಯ ಕೇಳುತ್ತಾರೆ. ಅವರು ಹೆಸರುಕಾಳನ್ನು ಅಂಗೈಯಲ್ಲಿ ಹರಡಿ ನೋಡುವ ಹಾಗೆ ಡಬ್ಬಿಯನ್ನು ಅಂಗೈಯಲ್ಲಿಟ್ಟು, ಹಿಂದೆ ಮುಂದೆ ತಿರುಗಿಸಿ, ಸುಮ್ಮನೆ ಹೂಂ ಎನ್ನುತ್ತಾರೆ. ಹೋದ ತಿಂಗಳು ಒಬ್ಬರು ತಂದ ಡಬ್ಬಿಯನ್ನು ನಾನು ನೋಡಿ ಇದು ಹೊಸ ನಮೂನೆಯದು ಎಂದೆ. ಯಜಮಾನರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಹಿಂಬದಿಯ ಮುದ್ರೆ ನೋಡು, ಚೌಕ ಇಲ್ಲ, ನಡುವಿನ ಕಾಲದ್ದು ಎಂದರು. ಮಿಸ್ತ್ರಿ ಭೂತಗನ್ನಡಿ ಹಿಡಿದು ನೋಡಿದರು. ನಡುವಿನದೇ ಆಗಿತ್ತು.